ಮಗ್ಗುಲು ಬದಲಿಸುವ ಶಾಸ್ತ್ರ

ನಮ್ಮ ಅತ್ತೆಯ ಮನೆಗೆ ಹೋದವರು ಒಂದಲ್ಲ ಒಂದು ಸಲ ರೋಗಿಗಳಾಗಲೇಬೇಕಿತ್ತು. ರೋಗ ಇರಲೇಬೇಕೆಂದು ಅವರೇನೂ ಹಟ ಹಿಡಿಯುತ್ತಿರಲಿಲ್ಲ! ಕಾಫಿ ಕುಡಿದು ಸುಮ್ಮನೆ ಎದ್ದು ಹೋಗಲು ಮಾತ್ರ ಬಿಡುತ್ತಿರಲಿಲ್ಲ, ಅಷ್ಟೆ. ಒಂದೋ ನಾಡಿ ಹಿಡಿಸಿಕೊಳ್ಳಬೇಕು, ಇಲ್ಲವೇ ಮೊಣಕೈಗೆ ಬ್ಯಾಂಡೇಜು ಸುತ್ತಿಸಿಕೊಳ್ಳಬೇಕು, ಅದೂ ಬೇಡವೆಂದರೆ ಮಂಚದ ಮೇಲೆ ಅಂಗಾತ ಮಲಗಬೇಕು. ಮಲಗಿದವರು ಮಲಗಿದಂತೆಯೇ ಇರುವಾಗ ಅವರ ಅಡಿಯ ಚಾದರ ಬದಲಿಸುವ ವಿದ್ಯೆಯನ್ನು ಅತ್ತೆ ಅವರ ಮೇಲೆ ಪ್ರಯೋಗಿಸುತ್ತಿದ್ದರು. ನೆಂಟರಲ್ಲಿ ಅನೇಕರು ತಿಪಟೂರಿಗೆ ಬಂದರೂ ಅತ್ತೆಯ ಬೀದಿಯೊಂದನ್ನು ತಪ್ಪಿಸಿ ಓಡಾಡುತ್ತಿದ್ದರೆಂದರೆ ಸುಮ್ಮನೆಯೇ?

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಮದುವೆ ಮಾಡಿಕೊಳ್ಳಲಿಲ್ಲ. ತಿಪಟೂರಿನ ಒಂದು ಆಸ್ಪತ್ರೆಯಲ್ಲಿ ನರ್ಸಾಗಿದ್ದರು. ವಾರ್ಡು ನೋಡಿಕೊಳ್ಳುವುದರ ಜೊತೆಗೆ ತರಬೇತಿಗೆ ಬಂದ ಹುಡುಗಿಯರಿಗೆ ಪಾಠವನ್ನೂ ಹೇಳುತ್ತಿದ್ದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನನಗೆ ಅದೇ ಊರಿನ ಶಾಲೆಯಲ್ಲಿ ಮೇಡಂ ಕೆಲಸ ಸಿಕ್ಕಿತು. ಅಪ್ಪ ಬೋರನಕಣಿವೆ ನಾಲೆಯ ಕೆಲಸದಲ್ಲಿದ್ದುದರಿಂದ ನಮ್ಮ ಮನೆ ಇದ್ದದ್ದು ಹುಳಿಯಾರಿನಲ್ಲಿ. ದಿನಾ ಓಡಾಡುವುದು ಆಗದ ಮಾತು. "ನನ್ನ ಜೊತೇಲೇ ಇರ್ಲಿ ಬಿಡಿ" ಎಂದು ಅತ್ತೆ ಬಹಳ ಪ್ರೀತಿಯಿಂದ ಕರೆದುಕೊಂಡು ಹೋದರು. ಅಷ್ಟು ಪ್ರೀತಿ ಯಾಕೆಂದು ಮೊದಲ ಭಾನುವಾರವೇ ತಿಳಿಯಿತು. ಮನೆಯಲ್ಲೇ ಒಂದು ಮೈ ಸದಾ ಕೈಗೆ ಸಿಗುವಂತಿದ್ದರೆ ಯಾವ ನರ್ಸು ಬೇಡವೆನ್ನುತ್ತಾಳೆ!

ಅತ್ತೆಗೆ ಪುಸ್ತಕದ ಮೇಲೆ ಅಪಾರ ಭಕ್ತಿ, ಅಷ್ಟೇ ಅಪಾರ ಗುಮಾನಿ. ಎರಡೂ ಒಂದೇ ತಲೆಯಲ್ಲಿ ಹೇಗೆ ಸಂಸಾರ ಮಾಡುತ್ತಿದ್ದವೋ ನನಗೆ ಇವತ್ತಿಗೂ ತಿಳಿಯದು. ಶುಶ್ರೂಷೆಯ ದಪ್ಪ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ತೆರೆಯುವರು. ಒಂದು ವಾಕ್ಯ ಓದುವರು. ಕನ್ನಡಕವನ್ನು ಹಣೆಗೇರಿಸಿ ನನ್ನ ಕಡೆ ತಿರುಗುವರು.

"ಇದನ್ನ ಬರೆದೋರು ನೋಡಿ ಬರೆದ್ರೋ, ಕೇಳಿ ಬರೆದ್ರೋ?"

"ನಂಗೇನು ಗೊತ್ತು ಅತ್ತೆ? ನಾನು ಮಗ್ಗಿ ಹೇಳ್ಕೊಡೋಳು."

"ಆ ಮಗ್ಗಿನಾದ್ರೂ ಯಾವತ್ತಾದ್ರೂ ಎಣಿಸಿ ನೋಡಿದೀಯೇನೇ?"

ಊರ ಕಡೆಯ ಮುದುಕಿಯರು ಹೇಳುವ ಮದ್ದಿಗೂ ಇದೇ ಪ್ರಶ್ನೆ. ಸುಟ್ಟ ಗಾಯಕ್ಕೆ ಕೊಬ್ಬರಿ ಎಣ್ಣೆ ಹಚ್ಚು ಎಂದವರನ್ನು ಹಿಡಿದು ಕೂರಿಸಿ, ಯಾರಿಗೆ ಹಚ್ಚಿದಿರಿ, ಯಾವಾಗ ಹಚ್ಚಿದಿರಿ, ಹಚ್ಚದೆ ಬಿಟ್ಟವರು ಏನಾದರು ಎಂದು ಪೊಲೀಸರಿಗಿಂತ ಹೆಚ್ಚಾಗಿ ವಿಚಾರಿಸುತ್ತಿದ್ದರು. ಪಾಪ, ಮದ್ದು ಹೇಳಲು ಬಂದ ಮುದುಕಿ ಕೊನೆಗೆ ತನಗೇ ತಲೆನೋವು ಬಂತೆಂದು ಮಾತ್ರೆ ಕೇಳಿಕೊಂಡು ಹೋಗುತ್ತಿತ್ತು.

ನನ್ನನ್ನು ನೋಡಲು ಚಿಕ್ಕನಾಯಕನಹಳ್ಳಿಯಿಂದ ಗಂಡಿನ ಕಡೆಯವರು ಅತ್ತೆಯ ಮನೆಗೇ ಬಂದ ದಿನದ ಕಥೆ ಕೇಳಿ. ಬಿಸಿ ಕುಡಿದವರ ಬಾಯಿಗೆ ಕೂಡಲೇ ಥರ್ಮಾಮೀಟರ್ ಇಡಬಾರದು, ಸ್ವಲ್ಪ ಹೊತ್ತು ಕಾಯಬೇಕು ಎಂದು ಅತ್ತೆಯ ಪುಸ್ತಕದಲ್ಲಿತ್ತು. ಸ್ವಲ್ಪ ಹೊತ್ತು ಎಂದರೆ ಎಷ್ಟು ಹೊತ್ತು? ಇದು ವಾರದಿಂದ ಅತ್ತೆಯನ್ನು ಕಾಡುತ್ತಿತ್ತು. ನನಗೆ ಕಾಫಿ ಕುಡಿಸಿ ಕುಡಿಸಿ ನೋಡಿ ಆಗಿತ್ತು. ಹೊಸ ಬಾಯಿ ಬೇಕಿತ್ತು. ಗಂಡಿನ ಸೋದರಮಾವ ಕೊಬ್ಬರಿ ಮಂಡಿಯ ವ್ಯಾಪಾರಸ್ಥರು, ಗತ್ತಿನ ಮನುಷ್ಯ. ಕಾಫಿ ಕುಡಿದು ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, "ನೋಡ್ರೀ, ಮಾತು ಮೊದಲೇ ಆಗ್ಬೇಕು..." ಎಂದು ಶುರು ಮಾಡಿದರು. ಮಾತಿಗೆ ತೆರೆದ ಬಾಯಿಗೆ ಅತ್ತೆ ಥರ್ಮಾಮೀಟರ್ ಇಟ್ಟೇಬಿಟ್ಟರು!

"ನಾಲಿಗೆ ಕೆಳಗಿಟ್ಕೊಳ್ಳಿ. ಕಚ್ಚಬೇಡಿ. ಮಾತಾಡ್ಬೇಡಿ."

ಬಾಯಲ್ಲಿ ಗಾಜಿನ ಕಡ್ಡಿ ಇಟ್ಟುಕೊಂಡು ಯಾರು ತಾನೇ ವರೋಪಚಾರದ ಮಾತಾಡಬಲ್ಲರು? ಅವರು ಅಮ್ಮನ ಮುಖ ನೋಡಿದರು, ಅಪ್ಪನ ಮುಖ ನೋಡಿದರು, ಕೊನೆಗೆ ಸೂರು ನೋಡಿದರು. ಅಪ್ಪ ನೆಲ ನೋಡುತ್ತಿದ್ದರು. ಅತ್ತೆ ತೆಗೆಯುವುದು, ನೋಡುವುದು, ಕೊಡವುವುದು, ಮತ್ತೆ ಇಡುವುದು. ಇದೆಲ್ಲ ಮುಗಿಯುವಷ್ಟರಲ್ಲಿ ಬಸ್ಸಿನ ಹೊತ್ತಾಗಿತ್ತು. ಸಂಬಂಧ ಮುರಿಯಿತೆಂದು ಅಮ್ಮ ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ಒಪ್ಪಿಗೆ ಬಂತು! ಜ್ವರ ನೋಡಿ ಹೆಣ್ಣು ಕೊಡುವವರು ಜವಾಬ್ದಾರಿಯ ಜನ ಎಂದು ಆ ಸೋದರಮಾವನೇ ಊರ ತುಂಬ ಹೇಳಿಕೊಂಡು ತಿರುಗಿದರಂತೆ. ನಮ್ಮವರ ಕೆಲಸವೂ ತಿಪಟೂರಿನಲ್ಲೇ ಇದ್ದುದರಿಂದ ಮದುವೆಯಾದ ಮೇಲೂ ನಾನು ಅತ್ತೆಯ ಬೀದಿ ಬಿಟ್ಟು ಹೋಗಲಿಲ್ಲ.

ಇನ್ನೊಂದು ಭಾನುವಾರ ಮಧ್ಯಾಹ್ನ ಅತ್ತೆ ಹಾಸಿಗೆ ಸುತ್ತಿಟ್ಟು ಬರಿಯ ಹಲಗೆಯ ಮಂಚದ ಮೇಲೆ ಅಂಗಾತ ಮಲಗಿದರು. ಮೈ ಆಡಿಸಲಾಗದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲದಿದ್ದರೆ ಬೆನ್ನಿನ ಚರ್ಮ ಒಡೆದು ಹುಣ್ಣಾಗುತ್ತದೆ ಎಂಬುದು ಪುಸ್ತಕದ ಮಾತು. ಯಾಕೆ ಎರಡೇ ಗಂಟೆ ಎನ್ನುವುದು ಅತ್ತೆಯ ಮಾತು. ಗಡಿಯಾರ ನೋಡಿಕೋ ಎಂದು ನನಗೆ ಹೇಳಿ, ಕಣ್ಣು ಮುಚ್ಚಿ, ಬೆರಳೂ ಅಲುಗಿಸದೆ ಬಿದ್ದುಕೊಂಡರು. ನಾನು ಹಿತ್ತಲಿಗೆ ಬಟ್ಟೆ ಒಣಹಾಕಲು ಹೋದಾಗ ಎದುರುಮನೆಯಾಕೆ ಹೆಪ್ಪಿಗೆ ಮೊಸರು ಕೇಳಲು ಬಂದಳು. ಕರೆದಳು. ಮುಟ್ಟಿದಳು. ಅತ್ತೆಯ ಮೂಗಿನ ಮೇಲೆ ನೊಣ ಕೂತದ್ದೂ ಅವರು ಓಡಿಸದೆ ಇದ್ದದ್ದೂ ಅವಳ ಕಣ್ಣಿಗೆ ಬಿತ್ತು.

"ಅಯ್ಯಯ್ಯೋ, ಸಿಸ್ಟರಮ್ಮ ಹೋಗ್ಬುಟ್ರಲ್ಲಪ್ಪೋ!" ಎಂದು ಅವಳು ಎದೆ ಬಡಿದುಕೊಂಡದ್ದು ಬೀದಿಗೆಲ್ಲ ಕೇಳಿತು.

ಅತ್ತೆ ತುಟಿ ಅಲುಗದಂತೆ, ಕಣ್ಣೂ ತೆರೆಯದೆ ಹೇಳಿದರಂತೆ: "ಅಳ್ಬೇಡ್ರೀ. ಇನ್ನೂ ಟೈಮಾಗಿಲ್ಲ."

ಅವಳು ಬಿಟ್ಟು ಓಡಿದ ಮೊಸರಿನ ಬಟ್ಟಲು ಇವತ್ತಿಗೂ ನಮ್ಮಲ್ಲೇ ಇದೆ. ಆಕೆ ವಾಪಸ್ಸು ಕೇಳಲು ಬರಲೇ ಇಲ್ಲ.

ಅವತ್ತು ಸಂಜೆ ಅತ್ತೆ ನಿಧಾನವಾಗಿ ಎದ್ದು ಕೂತು ಬೆನ್ನು ನೀವಿಕೊಂಡರು. "ಬಾಲದ ಮೂಳೆ ಬೆಂಕಿ ಬಿದ್ದಂಗೆ ಉರೀತಿದೆ ಕಣೇ. ಹಿಮ್ಮಡಿನೂ ಅಷ್ಟೆ. ನಂಗೆ ಉರೀತು, ಎದ್ದೆ. ಉರಿಯೋದೇ ಗೊತ್ತಾಗದೆ ಇರೋವ್ರು ಏನ್ ಮಾಡ್ತಾರೆ?" ಎಂದರು. ಆ ಮಾತಿಗೆ ನನಗೆ ನಗು ಬರಲಿಲ್ಲ.

ಉರಿಯುವುದೇ ಗೊತ್ತಾಗದ ಮನುಷ್ಯ ನಮ್ಮ ಮನೆಯಲ್ಲೇ ಆದರು, ನಮ್ಮ ದೊಡ್ಡಪ್ಪ. ಅಪ್ಪನಿಗೂ ಅತ್ತೆಗೂ ಅಣ್ಣ. ಅವರಿದ್ದದ್ದು ದಬ್ಬೇಘಟ್ಟದ ಕಡೆಯ ನಮ್ಮ ಹಳ್ಳಿಯಲ್ಲಿ, ತೋಟ ನೋಡಿಕೊಂಡು. ನಮ್ಮ ಸೀಮೆಯಲ್ಲಿ ಕೊಬ್ಬರಿಯನ್ನು ಒಡೆದು ಬಿಸಿಲಿಗಿಟ್ಟು ಮಾಡುವುದಿಲ್ಲ. ಇಡೀ ಕಾಯಿಯನ್ನು ಅಟ್ಟಕ್ಕೆ ಏರಿಸಿ ಹರಡಿ, ವರ್ಷ ಹತ್ತಿರ ಬರುವವರೆಗೆ ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಕರಟ ಬಿಟ್ಟುಕೊಳ್ಳಬೇಕು. ಅಲ್ಲಿಯವರೆಗೆ ಅಟ್ಟದ ಕಾಯಿಯನ್ನು ಅಲ್ಲಾಡಿಸಕೂಡದು, ಅಲ್ಲಾಡಿಸಿದರೆ ಒಳಗೇ ಕೊಳೆಯುತ್ತದೆ ಎಂಬುದು ಮಕ್ಕಳಿಗೂ ಗೊತ್ತಿರುವ ನಿಯಮ. ಒಂದು ದಿನ ದೊಡ್ಡಪ್ಪ ಇಲಿ ಹೊಕ್ಕಿದೆಯೇ ನೋಡಲು ಅಟ್ಟ ಹತ್ತಿದರು. ಹಳೆಯ ಬಿದಿರ ದಬ್ಬೆ ಮುರಿಯಿತು. ಕೆಳಗಿದ್ದ ಒರಳುಕಲ್ಲಿನ ಮೇಲೆ ಬೆನ್ನು ಕೆಳಗಾಗಿ ಬಿದ್ದರು.

ಬೆಂಗಳೂರಿನ ದೊಡ್ಡ ಆಸ್ಪತ್ರೆಯವರು ಮಾಡುವುದನ್ನೆಲ್ಲ ಮಾಡಿ, ಸೊಂಟದಿಂದ ಕೆಳಗೆ ಇನ್ನು ಸ್ವಾಧೀನ ಬರುವುದಿಲ್ಲ, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ ಎಂದು ಕಳಿಸಿದರು. ಬೆನ್ನಿಗೆ ಹುಣ್ಣಾದರೆ, ಅದು ನಂಜಾದರೆ, ಜೀವಕ್ಕೇ ಅಪಾಯ ಎಂದೂ ಹೇಳಿದ್ದರು. ಅತ್ತೆ ಉಳಿದಿದ್ದ ರಜೆಯನ್ನೆಲ್ಲ ಬರೆದುಕೊಟ್ಟು, ಸ್ಪಿರಿಟ್ಟಿನ ಸೀಸೆ, ಪೌಡರ್ ಡಬ್ಬಿ, ಜೊತೆಗೆ ಆ ದಪ್ಪ ಪುಸ್ತಕ ಹಿಡಿದು ಊರಿಗೆ ಹೊರಟರು. ಬೇಸಿಗೆ ರಜೆಯಾದ್ದರಿಂದ ನಾನೂ ಹೋದೆ.

ಮಂಚದ ಪಕ್ಕದಲ್ಲಿ ದೊಡ್ಡಮ್ಮ ಕಾವಲು ನಿಂತಿದ್ದರು. ಗಂಡನನ್ನು ಕದಲಿಸಲು ಯಾರನ್ನೂ ಬಿಟ್ಟಿರಲಿಲ್ಲ.

"ಅತ್ತಿಗೆ, ಅಣ್ಣನ್ನ ಮಗ್ಗುಲಿಗೆ ತಿರುಗಿಸ್ಬೇಕು, ಒಂದು ಕೈ ಹಿಡೀರಿ."

"ಬ್ಯಾಡ ಕಣವ್ವ, ಮುಟ್ಬ್ಯಾಡ. ಮೂಳೆ ಕೂಡ್ಕಬೇಕು. ಅಟ್ಟದ್ ಕಾಯ್ನ ತಿರುಗಾ ಮುರುಗಾ ಮಾಡಿದ್ರೆ ಕೊಬ್ರಿ ಆಯ್ತದಾ? ಕೊಳ್ತೋಯ್ತದೆ. ಇಷ್ಟು ವರ್ಷ ಕಾಯಿ ಕಂಡಿಲ್ವಾ ನಾನು?"

ಅತ್ತೆಯ ಬಳಿ ಎಲ್ಲರಿಗೂ ಹಾಕುವ ಆ ಪ್ರಶ್ನೆ ಇತ್ತಲ್ಲ, ಇಲ್ಲಿ ಅದು ನಡೆಯುವಂತಿರಲಿಲ್ಲ. ದೊಡ್ಡಮ್ಮ ಕೇಳಿದ್ದನ್ನು ಹೇಳುತ್ತಿರಲಿಲ್ಲ. ಬದುಕಿಡೀ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದರು!

"ಕಾಯಿಗೆ ನೀವು ಹೇಳೋದು ನಿಜ ಅತ್ತಿಗೆ. ಆದ್ರೆ ಕಾಯೊಳಗೆ ರಕ್ತ ಓಡಲ್ಲ. ಅಣ್ಣಂಗೆ ಓಡುತ್ತೆ. ಭಾರ ಬಿದ್ದ ಕಡೆ ರಕ್ತ ನಿಂತ್ರೆ ಅಲ್ಲಿ ಚರ್ಮ ಸಾಯುತ್ತೆ."

"ಎಲ್ಲೈತೆ ಅದು?"

"ಪುಸ್ತಕದಲ್ಲಿದೆ."

"ಪುಸ್ತಕ ಬರೆದೋನು ನನ್ ಗಂಡನ್ನ ಕಂಡಿದ್ನಾ?"

ಅದು ಅತ್ತೆಯೇ ಕೇಳಬೇಕಾದ ಪ್ರಶ್ನೆಯಾಗಿತ್ತು. ಕೊನೆಗೆ ಮಂಚದಿಂದ ದೊಡ್ಡಪ್ಪನೇ ನ್ಯಾಯ ತೀರಿಸಿದರು. "ನೀವಿಬ್ರೂ ಜಗಳ ಆಡೋದ್ರೊಳಗೆ ನಾನು ಕೊಬ್ರಿ ಆಗೋಯ್ತೀನಿ. ತಿರುಗ್ಸು ಬಾರವ್ವ, ನೋಡೇಬುಡಾನ."

ಅಂದಿನಿಂದ ಅತ್ತೆ ಎಡಕ್ಕೆ, ಬಲಕ್ಕೆ, ಅಂಗಾತ ಎಂದು ಹೊತ್ತು ಹೊತ್ತಿಗೆ ಅಣ್ಣನನ್ನು ತಿರುಗಿಸಿದರು. ಪ್ರತಿ ಸಲವೂ ಮೂಳೆ ಉಬ್ಬಿದ ಕಡೆಯೆಲ್ಲ ಸ್ಪಿರಿಟ್ ಹಚ್ಚಿ, ಪೌಡರ್ ಹಾಕಿ, ಚೆನ್ನಾಗಿ ಉಜ್ಜಿದರು. ಉಜ್ಜಿದರೆ ರಕ್ತ ಓಡಾಡುತ್ತದೆ, ಚರ್ಮ ಗಟ್ಟಿಯಾಗುತ್ತದೆ ಎಂದು ಆಗಿನ ಪುಸ್ತಕದಲ್ಲಿತ್ತು. ತಮ್ಮ ಹುಡುಗಿಯರಿಗೂ ಅವರು ಅದನ್ನೇ ಕಲಿಸಿದ್ದರು. ಎಲ್ಲವನ್ನೂ ಅನುಮಾನಿಸುವ ಅತ್ತೆ ಇದೊಂದನ್ನು ಯಾವತ್ತೂ ಅನುಮಾನಿಸಿರಲಿಲ್ಲ. ಕೈ ಅಷ್ಟು ಪಳಗಿಬಿಟ್ಟಿತ್ತು.

"ಯಾಕವ್ವ ಹಿಂಗುಜ್ತೀಯ? ನಾನೇನು ಹಬ್ಬಕ್ಕೆ ಬೆಳಗೋ ಚೊಂಬಾ?" ಎಂದು ದೊಡ್ಡಪ್ಪ ನಗುತ್ತಿದ್ದರು.

ಕೆಲವೇ ದಿನಗಳಲ್ಲಿ ಸೊಂಟದ ಎರಡೂ ಕಡೆ ಕೆಂಪು ಕಲೆ ಮೂಡಿತು. ಒತ್ತಿದರೂ ಬೆಳ್ಳಗಾಗದ ಕೆಂಪು, ಹುಣ್ಣಿನ ಮೊದಲ ಗುರುತು. ದೊಡ್ಡಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತರು. "ಬ್ಯಾಡ ಅಂದೆ. ಅಲ್ಲಾಡ್ಸಿ ಅಲ್ಲಾಡ್ಸಿ ಕೆಡಿಸ್ಬುಟ್ಟೆ. ಇನ್ ಮುಟ್ಬ್ಯಾಡ ಅವ್ರನ್ನ" ಎಂದರು.

ಅತ್ತೆ ಆ ಮಧ್ಯಾಹ್ನ ಉಣ್ಣಲಿಲ್ಲ. ಜಗಲಿಯಲ್ಲಿ ಕೂತು ಪುಸ್ತಕವನ್ನು ತೆರೆಯುವರು, ಮುಚ್ಚುವರು. ಕೊನೆಗೆ ನನ್ನನ್ನು ಕರೆದರು. "ನಾನು ಎರಡು ಕೆಲಸ ಮಾಡ್ತಿದೀನಿ. ತಿರುಗಿಸ್ತಿದೀನಿ, ಉಜ್ಜುತಿದೀನಿ. ಕೆಡ್ತಿರೋದು ಯಾವುದ್ರಿಂದ? ಎರಡನ್ನೂ ಒಟ್ಟಿಗೆ ಮಾಡಿದ್ರೆ ಯಾವತ್ತೂ ಗೊತ್ತಾಗಲ್ಲ. ಎರಡನ್ನೂ ಬಿಟ್ರೆ ಅಣ್ಣ ಉಳಿಯಲ್ಲ" ಎಂದರು. ನಮ್ಮತ್ತೆಯ ಪರೀಕ್ಷೆಗಳಿಗೆ ಸಿಕ್ಕಿ ನಾವೆಲ್ಲ ನಕ್ಕದ್ದೇ ನಕ್ಕದ್ದು. ಈ ಸಲ ಸಿಕ್ಕಿದ್ದು ಒಡಹುಟ್ಟಿದವನ ಮೈ.

ಅತ್ತೆ ಒಳಗೆ ಹೋಗಿ ಅಣ್ಣನ ತಲೆಯ ಬಳಿ ಕೂತು ಎಲ್ಲವನ್ನೂ ಬಿಡಿಸಿ ಹೇಳಿದರು. ತಿರುಗಿಸುವುದು ಮೊದಲಿನಂತೆಯೇ ಎರಡೂ ಕಡೆಗೆ. ಎಡ ಸೊಂಟವನ್ನು ಉಜ್ಜುವುದು, ಬಲ ಸೊಂಟವನ್ನು ಉಜ್ಜದೆ ಬಿಡುವುದು. ಉಜ್ಜದೆ ಬಿಟ್ಟ ಕಡೆ ಹೆಚ್ಚು ಕೆಡಬಹುದು, ಕೆಡುವ ಸೂಚನೆ ಕಂಡರೆ ಕೂಡಲೇ ಉಜ್ಜಲು ಶುರು ಮಾಡುತ್ತೇನೆ ಎಂದೂ ಹೇಳಿದರು.

"ಎಲ್ಡೂ ಸೊಂಟ ನಂದೇ ತಾನೆ?" ಎಂದರು ದೊಡ್ಡಪ್ಪ.

"ಹೂಂ ಅಣ್ಣ."

"ಹಂಗಾದ್ರೆ ಯಾವ್ದು ಗೆದ್ರೂ ನಾನೇ ಗೆದ್ದಂಗಾಯ್ತು. ಮಾಡು."

ದೊಡ್ಡಮ್ಮನೂ ಒಪ್ಪಿದರು. ನಂಬಿ ಒಪ್ಪಿದ್ದಲ್ಲ, ತಾವೇ ಪಕ್ಕದಲ್ಲಿ ನಿಂತು ನೋಡುವುದಾದರೆ ಮಾತ್ರ ಎಂದು ಒಪ್ಪಿದರು. ಅತ್ತೆ ಬಲಗಡೆಯನ್ನೇ ಭಯದಿಂದ ಕಾದರು. ಬಿಸಿಲು ಬೀಳುವ ಕಡೆ ತಿರುಗಿಸಿ, ಬಗ್ಗಿ, ಕನ್ನಡಕ ಒರೆಸಿಕೊಂಡು ನೋಡುವರು. ಉಜ್ಜಿದ ಎಡಗಡೆಯ ಬಗ್ಗೆ ಅವರಿಗೆ ಧೈರ್ಯವಿತ್ತು. ವಾರ ಕಳೆಯುವಷ್ಟರಲ್ಲಿ ಬಲಗಡೆಯ ಕೆಂಪು ಇಳಿಯಿತು. ಎಡಗಡೆ ಚರ್ಮ ಒಡೆಯಿತು.

ಮೊದಲು ಮಾತಾಡಿದ್ದು ದೊಡ್ಡಮ್ಮ. ನಿಧಾನವಾಗಿ, ಒಂದೊಂದನ್ನೇ ಕೂಡಿಸಿಕೊಂಡು ಹೇಳಿದರು. "ತಿರುಗ್ಸಿದ್ದು ಎಲ್ಡೂ ಕಡೆ. ಉಜ್ಜಿದ್ದು ಒಂದೇ ಕಡೆ. ಕೆಟ್ಟಿರೋದೂ ಅದೊಂದೇ ಕಡೆ. ಹಂಗಾದ್ರೆ ತಿರುಗ್ಸೋದ್ರಿಂದ ಅಲ್ಲ ಕಣವ್ವ."

ಅತ್ತೆ ಗೆದ್ದಿದ್ದರು. ಗೆದ್ದವರ ಮುಖ ಅಷ್ಟು ಬಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಸ್ಪಿರಿಟ್ಟಿನ ಸೀಸೆಯನ್ನು ಹಿತ್ತಲಿಗೆ ಒಯ್ದು ತೆಂಗಿನ ಬುಡಕ್ಕೆ ಸುರಿದು ಬಂದು, ಅಣ್ಣನ ಕಾಲ ಬಳಿ ನೆಲದ ಮೇಲೆ ಕೂತರು.

"ಅಣ್ಣ, ನನ್ನ ಕೈಯಿಂದಲೇ ಆಯ್ತು."

"ನಿನ್ ಕೈಯಿಂದ್ಲೇ ಗೊತ್ತೂ ಆಯ್ತಲ್ಲವ್ವ. ಬಲಗಡೆ ನೋಡ್ಕೋ, ಚೆಂದಾಗೈತೆ" ಎಂದರು ದೊಡ್ಡಪ್ಪ.

ಎಡಗಡೆಯ ಗಾಯ ಮಾಯಲು ಮುಂದಿನ ಸಂಕ್ರಾಂತಿಯೇ ಬರಬೇಕಾಯಿತು. ಅಷ್ಟೂ ದಿನ ಅದು ನಂಜಾಗದಂತೆ ಕಾದದ್ದು ದೊಡ್ಡ ಕಥೆ. ಆದರೆ ದೊಡ್ಡಪ್ಪ ಉಳಿದರು.

ರಜೆ ಮುಗಿಸಿ ತಿಪಟೂರಿಗೆ ಬಂದ ಅತ್ತೆ ತರಗತಿಯಲ್ಲಿ ಏನು ಹೇಳಿದರು ಗೊತ್ತೇ? "ಪರೀಕ್ಷೆಯಲ್ಲಿ ಉಜ್ಜಬೇಕು ಅಂತ ಬರೀರಿ. ವಾರ್ಡಿನಲ್ಲಿ ಉಜ್ಜಬೇಡಿ!" ಪಾಠ ಎಂದರೆ ಹೀಗಿರಬೇಕು! ಸುದ್ದಿ ಮೇಟ್ರನ್ ಕಿವಿಗೆ ಬಿದ್ದು ಕರೆ ಬಂತು. ಆಕೆ ತೂಕದ ಹೆಂಗಸು, ಕೂಗಾಡುವವರಲ್ಲ.

"ಒಬ್ಬ ರೋಗಿ, ಒಂದು ಸೊಂಟ. ಇದನ್ನ ಸಂಶೋಧನೆ ಅಂತಾರೇನಮ್ಮ?"

"ಇಲ್ಲ ಮೇಡಂ. ಅನುಮಾನ ಅಂತಾರೆ."

ಮೇಟ್ರನ್ ಪೆನ್ನು ಕೆಳಗಿಟ್ಟು, "ಅನುಮಾನ ಇದ್ರೆ ವಾರ್ಡಿನಲ್ಲಿ ಇನ್ನಷ್ಟು ಜನರನ್ನ ನೋಡು. ನಿನ್ನ ಮಾತಿಗೆ ವಿರುದ್ಧವಾಗಿ ಕಂಡದ್ದನ್ನೂ ನನಗೆ ಬಂದು ಹೇಳ್ಬೇಕು. ಅಲ್ಲಿಯವರೆಗೆ ಹುಡುಗಿಯರಿಗೆ ಗೊಂದಲ ಮಾಡ್ಬೇಡ" ಎಂದರು. ಅತ್ತೆ ಆ ಮಾತನ್ನು ಜೀವನದಲ್ಲಿ ತಮಗೆ ಸಿಕ್ಕ ದೊಡ್ಡ ಬಹುಮಾನದಂತೆ ಎಲ್ಲರಿಗೂ ಹೇಳಿಕೊಂಡರು. ಎಷ್ಟೋ ವರ್ಷದ ಮೇಲೆ ಬಂದ ಹೊಸ ಪುಸ್ತಕದಲ್ಲಿ ಕೆಂಪಾದ ಕಡೆ ಉಜ್ಜಬಾರದು ಎಂದಿರುವುದನ್ನು ನಾನೇ ಓದಿ ಹೇಳಿದೆ. "ಯಾರೋ ನೋಡಿ ಬರೆದಿದಾರೆ" ಎಂದಷ್ಟೇ ಹೇಳಿ ಅಕ್ಕಿ ಆರಿಸತೊಡಗಿದರು.

ಊರಿನಲ್ಲಿ ತಿರುಗಿಸುವ ಕೆಲಸ ದೊಡ್ಡಮ್ಮನದಾಯಿತು. ಅವರಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಹಾಲು ಕರೆದ ಮೇಲೆ ಎಡ ಮಗ್ಗುಲು, ಬೆಳಗಿನ ಬಸ್ಸು ಬಂದಾಗ ಬಲ ಮಗ್ಗುಲು, ಊಟದ ಹೊತ್ತಿಗೆ ಅಂಗಾತ, ಸಂಜೆ ಬಸ್ಸಿಗೆ ಮತ್ತೆ ಎಡಕ್ಕೆ, ಹೀಗೆ ಲೆಕ್ಕ ಮಾಡಿಕೊಂಡರು. ಬೆಳಗಿನ ಬಸ್ಸು ಕೆಟ್ಟು ನಿಂತ ದಿನ ದೊಡ್ಡಪ್ಪ ಎಡಗಡೆಯೇ ಉಳಿದರೆಂದು ಅತ್ತೆಗೆ ಗೊತ್ತಾಯಿತು. ನೆಟ್ಟಗೆ ತಿಪಟೂರಿನ ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರನ್ನು ಹಿಡಿದರು.

"ಏನ್ರೀ, ನಿಮ್ಮ ಬಸ್ಸು ಲೇಟಾದ್ರೆ ನಮ್ಮಣ್ಣನ ಚರ್ಮ ಹೋಗುತ್ತೆ ಕಣ್ರೀ!"

ಆತ ಹೆದರಿ, ಟಿಕೆಟ್ಟು ಹರಿಯುವುದನ್ನು ನಿಲ್ಲಿಸಿ, "ನಾವು ನಿಮ್ಮಣ್ಣಂಗೆ ಏನೂ ಮಾಡಿಲ್ಲ ಕಣಮ್ಮ" ಎಂದನಂತೆ! ವಿಷಯ ತಿಳಿದ ಮೇಲೆ ಡ್ರೈವರು ದೊಡ್ಡಪ್ಪನ ಬೀದಿಯ ತಿರುವಿನಲ್ಲಿ ಉದ್ದಕ್ಕೆ ಹಾರನ್ ಹೊಡೆದು, "ಅಮ್ಮೋ, ತಿರುಗ್ಸಿದ್ರಾ?" ಎಂದು ಕೂಗಿಕೊಂಡೇ ಮುಂದೆ ಹೋಗುತ್ತಿದ್ದ. ಊರಿಗೆ ಹೊಸಬರು ಬಂದರೆ ಬಸ್ಸು ತಿರುಗಿಸುವ ವಿಷಯ ಇರಬೇಕೆಂದುಕೊಂಡು ಸುಮ್ಮನಾಗುತ್ತಿದ್ದರು.

ಹೀಗೆ ವರ್ಷಗಳು ನಡೆದವು. ದೊಡ್ಡಪ್ಪ ದಿಂಬಿಗೊರಗಿ ಜಗಲಿಯಲ್ಲಿ ಕೂತು ತೋಟದ ಕೆಲಸ ಹೇಳುವಷ್ಟಾದರು. ಅತ್ತೆ ರಜೆ ಸಿಕ್ಕಾಗಲೆಲ್ಲ ಹೋಗಿ, ಅಂಗೈಯನ್ನು ಅವರ ಅಡಿಗೆ ತೂರಿಸಿ ಭಾರ ಎಲ್ಲಿ ಬೀಳುತ್ತಿದೆ ನೋಡಿ ಬರುತ್ತಿದ್ದರು. ಎಂಬತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ ದೊಡ್ಡಪ್ಪ ಎದೆಗೆ ಕಫ ಕಟ್ಟಿ ತೀರಿಕೊಂಡರು. ಬೆನ್ನಿನಲ್ಲಿ ಒಂದೂ ಗಾಯವಿರಲಿಲ್ಲ.

ನಮ್ಮಲ್ಲಿ ತೀರಿಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ನಾನೂ ಅತ್ತೆಯೂ ಹೋಗುವಷ್ಟರಲ್ಲಿ ದೊಡ್ಡಪ್ಪನನ್ನು ಪಡಸಾಲೆಯ ಗೋಡೆಗೆ ಒರಗಿಸಿ, ಮಣೆಯ ಮೇಲೆ ಕೂರಿಸಿ, ವಿಭೂತಿ ಹಚ್ಚಿ ಹಾರ ಹಾಕಿದ್ದರು. ಜನ ಅತ್ತೆಗೆ ದಾರಿ ಬಿಟ್ಟರು. ಎಲ್ಲರೂ ಅವರ ಅಳುವಿಗೆ ಕಾದರು. ಅತ್ತೆ ಅಳಲಿಲ್ಲ. ಅಣ್ಣನ ಪಕ್ಕ ಕೂತು, ಅಂಗೈಯನ್ನು ಮೆಲ್ಲಗೆ ಅವರ ಅಡಿಗೆ ತೂರಿಸಿದರು. "ಬರೀ ಮಣೆ ಇದೆ. ಒಂದು ಕಂಬಳಿ ಮಡಿಸಿ ತನ್ನಿ" ಎಂದರು.

ಹಿರಿಯರೊಬ್ಬರು ಸಮಾಧಾನದ ದನಿಯಲ್ಲಿ ಹೇಳಿದರು. "ಬುಡವ್ವ. ಇನ್ನ್ಯಾವ ನೋವು ಅವನಿಗೆ?"

"ಅವನಿಗೆ ಯಾವತ್ತು ನೋವು ಗೊತ್ತಾಗ್ತಿತ್ತು ಕಣಪ್ಪ? ನಾವೇ ಅಲ್ವಾ ನೋಡ್ಕೊಂಡಿದ್ದು" ಎಂದರು ಅತ್ತೆ.

ಯಾರೂ ಅಲುಗಲಿಲ್ಲ. ಮೂಲೆಯಲ್ಲಿ ಹೆಂಗಸರ ನಡುವೆ ಕೂತಿದ್ದ ದೊಡ್ಡಮ್ಮ ಎದ್ದರು. ಒಳಗೆ ಹೋಗಿ ತಾವೇ ಕಂಬಳಿ ತಂದು ಅತ್ತೆಯ ಕೈಗೆ ಕೊಟ್ಟರು. ಗಂಡನ ಹಿಂದೆ ಹೋಗಿ, ಕಂಕುಳ ಕೆಳಗೆ ಎರಡೂ ಕೈ ಹಾಕಿ, ದಿನಾ ಎತ್ತುತ್ತಿದ್ದ ಹಾಗೆಯೇ ಎತ್ತಿ ಹಿಡಿದರು.

"ಇಡವ್ವ."

ಅತ್ತೆ ಕಂಬಳಿ ಇಟ್ಟು, ಮಡಿಕೆ ಒಂದೂ ಉಳಿಯದಂತೆ ಸವರಿದರು.

"ಸರಿ ಹೋಯ್ತಾ?"

"ಹೂಂ ಅತ್ತಿಗೆ. ಭಾರ ಬಿಡಿ."

ದೊಡ್ಡಮ್ಮ ಬಹಳ ನಿಧಾನವಾಗಿ ಅವರನ್ನು ಇಳಿಸಿದರು. ಆಮೇಲೆ ಇಬ್ಬರೂ ದೊಡ್ಡಪ್ಪನ ಎರಡು ಮಗ್ಗುಲಿಗೆ ಕೂತು ಅತ್ತರು.